ಸಿಮೆಂಟ್ ಹಾಕಾಯ್ತಲ್ಲ ಡಾಕ್ಟ್ರೇ, ಇನ್ನು ಮಾತ್ರೆ ಯಾಕೆ?

ಬೆನ್ನುಮೂಳೆ ಕುಸಿದ ಹಿರಿಯರನ್ನು ಕರೆತರುವ ಮಕ್ಕಳು ಈ ಪ್ರಶ್ನೆ ಕೇಳದೇ ಹೋಗುವುದಿಲ್ಲ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಎಲ್ಲದಕ್ಕೂ ತಲೆ ಆಡಿಸುತ್ತಾರೆ, ಚೀಟಿ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಒಂದೆರಡು ತಿಂಗಳು ಮೂಳೆ ಗಟ್ಟಿ ಮಾಡುವ ಮಾತ್ರೆ ಕೊಟ್ಟು 'ಈಗ ನೋವಿಲ್ವಲ್ಲ' ಅಂತ ನಿಲ್ಲಿಸಿಬಿಡುತ್ತಾರೆ.

ತಿಪಟೂರು ಕಡೆಯ ಒಬ್ಬ ಅಜ್ಜಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದರು, ಹಂಪ್ ಹಾರಿದಾಗ ಮೇಲೆ ಹೋಗಿ ಕೆಳಗೆ ಬಿದ್ದರು, ಅಷ್ಟೇ. ಸೊಂಟದ ಭಾಗದ ಮೊದಲ ಬೆನ್ನುಮೂಳೆ, ಅಂದರೆ ಎಲ್1, ಕುಸಿಯಿತು. ಮನೆಯವರು ಸೊಂಟ ಹಿಡಿದಿದೆ ಅಂತ ಎಣ್ಣೆ ಹಚ್ಚಿ ತಿಕ್ಕಿದರು. ವಾರಗಟ್ಟಲೆ ಮಗ್ಗುಲು ಬದಲಿಸೋಕೂ ಆಗದೆ ನರಳಿ ನಮ್ಮಲ್ಲಿಗೆ ಬಂದರು. ಬೋರಲು ಮಲಗಿಸಿ, ಸಿ-ಆರ್ಮ್ ಎಕ್ಸ್‌ರೇಯಲ್ಲಿ ನೋಡುತ್ತಾ, ಚರ್ಮದ ಮೂಲಕವೇ ಸೂಜಿ ಇಳಿಸಿ ಮೂಳೆಯೊಳಗೆ ಮೂಳೆಗೆಂದೇ ಮಾಡಿದ ಸಿಮೆಂಟ್ ತುಂಬಿದೆವು. ವರ್ಟೆಬ್ರೊಪ್ಲಾಸ್ಟಿ ಅಂದರೆ ಇದೇ. ಮೊದಲು ಬಲೂನ್ ಉಬ್ಬಿಸಿ ಜಾಗ ಮಾಡಿಕೊಂಡರೆ ಅದು ಕೈಫೊಪ್ಲಾಸ್ಟಿ. ಸಂಜೆ ಅಜ್ಜಿ ತಾವೇ ಎದ್ದು ಬಾತ್‌ರೂಮಿಗೆ ನಡೆದರು. ಮಗನ ಕಣ್ಣಲ್ಲಿ ನೀರು.

ತೊಂದರೆ ಶುರುವಾಗೋದು ಇಲ್ಲೇ. ನೋವು ಹೋಯ್ತು ಅಂದ ಮೇಲೆ ಕಾಯಿಲೆಯೂ ಹೋಯ್ತು ಅಂತ ಅಂದುಕೊಳ್ಳುತ್ತಾರೆ. ಸಿಮೆಂಟ್ ಹಾಕಿದ್ದು ಒಂದು ಮೂಳೆಗೆ. ಅದರ ಮೇಲಿನದು, ಕೆಳಗಿನದು, ತೊಡೆ ಮೂಳೆ, ಮಣಿಕಟ್ಟು ಎಲ್ಲ ಮೊದಲು ಹೇಗೆ ಟೊಳ್ಳಾಗಿದ್ದವೋ ಈಗಲೂ ಹಾಗೇ ಇವೆ. ಗೆದ್ದಲು ಹಿಡಿದ ಮನೆಯಲ್ಲಿ ಒಂದು ಕಂಬ ಗಟ್ಟಿ ಮಾಡಿದ್ದೇವೆ ಅಷ್ಟೇ. ಮೂಳೆ ಹೀಗೆ ಟೊಳ್ಳಾಗುವ ಕಾಯಿಲೆಗೆ ಆಸ್ಟಿಯೊಪೊರೋಸಿಸ್ ಅಂತಾರೆ. ಅದು ಮೂಳೆ ಮುರಿಯುವ ತನಕ ನೋಯೋದೇ ಇಲ್ಲ, ಹಾಗಾಗಿ ನೋವಿಲ್ಲ ಅನ್ನೋದು ಮಾತ್ರೆ ನಿಲ್ಲಿಸೋಕೆ ಕಾರಣ ಆಗಲಾರದು. ಬೆನ್ನುಮೂಳೆ ಒಮ್ಮೆ ಹೀಗೆ ಕುಸಿದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಒಂದೇ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ.

ಅಜ್ಜಿಗೂ ಹಾಗೇ ಆಯಿತು. ಮಾತ್ರೆ ಉಷ್ಣ ಅಂತ ಯಾರೋ ಹೇಳಿದರಂತೆ, ಕ್ಯಾಲ್ಸಿಯಂ ತಗೊಂಡರೆ ಕಿಡ್ನಿಯಲ್ಲಿ ಕಲ್ಲಾಗುತ್ತೆ ಅಂತ ಇನ್ಯಾರೋ. ಎರಡನ್ನೂ ಬಿಡಿಸಿದರು. ಕೆಲವು ತಿಂಗಳಾದ ಮೇಲೆ ಬಗ್ಗಿ ದೋಸೆ ಹಿಟ್ಟಿನ ಪಾತ್ರೆ ಎತ್ತುವಾಗ ಅದರ ಮೇಲಿನ ಮೂಳೆ, ಡಿ12, ಕುಸಿದು ಹೋಯಿತು. ಅಮ್ಮನನ್ನು ಎರಡೂ ಸಲ ಎತ್ತಿಕೊಂಡೇ ಬಂದ ಮಗ ಅವನು, ಪ್ರೀತಿಗೇನೂ ಕಮ್ಮಿ ಇಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರು.

ಇದನ್ನು ಓದಿ ಎಲ್ಲರೂ ಸಿಮೆಂಟ್ ಹಾಕಿಸಿಕೊಳ್ಳೋಕೆ ಓಡಬೇಡಿ. ಬಹಳಷ್ಟು ಜನರಿಗೆ ನೋವಿನ ಮಾತ್ರೆ, ಬೆಲ್ಟು, ಸ್ವಲ್ಪ ಸ್ವಲ್ಪವೇ ಓಡಾಟ ಇಷ್ಟರಲ್ಲೇ ಆರರಿಂದ ಹನ್ನೆರಡು ವಾರದಲ್ಲಿ ನೋವು ತಗ್ಗುತ್ತದೆ. ವರ್ಟೆಬ್ರೊಪ್ಲಾಸ್ಟಿ, ಸಿಮೆಂಟ್ ತುಂಬದೇ ತುಂಬಿದ ಹಾಗೆ ಮಾಡುವ ಹೋಲಿಕೆಯ ಸುಳ್ಳು ಚಿಕಿತ್ಸೆಗಿಂತ ಹೆಚ್ಚೇನೂ ಮಾಡಲಿಲ್ಲ ಅಂತ 2009ರಲ್ಲಿ ಬಂದ ಎರಡು ಅಧ್ಯಯನಗಳು ಹೇಳಿದವು. ಮುರಿದು ಆರು ವಾರದೊಳಗಿದ್ದು ನೋವು ತುಂಬಾ ಇದ್ದವರಿಗೆ ಲಾಭ ಇದೆ ಅಂತ 2016ರ ಆಸ್ಟ್ರೇಲಿಯಾದ ಅಧ್ಯಯನ ಹೇಳಿತು. ವಾದ ಇನ್ನೂ ಮುಗಿದಿಲ್ಲ. ಎಂಆರ್‌ಐಯಲ್ಲಿ ಹೊಸ ಮುರಿತ ಅಂತ ಕಾಣಬೇಕು, ನೋವು ಅದೇ ಜಾಗದಲ್ಲಿರಬೇಕು, ಔಷಧಿಗೆ ಬಗ್ಗದಿರಬೇಕು. ಆಗ ಮಾತ್ರ ನಾನು ಸಿಮೆಂಟ್ ಮಾತು ತೆಗೆಯೋದು. ಅದು ಸೋರಿ ನರದ ಕಡೆಗೋ ಶ್ವಾಸಕೋಶಕ್ಕೋ ಹೋಗುವ ಅಪಾಯ ಕಮ್ಮಿ, ಆದರೆ ಇಲ್ಲ ಅನ್ನುವಂತಿಲ್ಲ. ಟಿಬಿ, ಕ್ಯಾನ್ಸರಿನಿಂದಲೂ ಮೂಳೆ ಹೀಗೇ ಕುಸಿಯಬಹುದು, ಅದನ್ನೂ ನೋಡಬೇಕು.

ಮಾತ್ರೆಗೆ ಬರೋಣ. ವಾರಕ್ಕೊಂದು ನುಂಗುವ ಮಾತ್ರೆಯಾದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ತುಂಬ ನೀರಿನ ಜೊತೆ. ಕಾಫಿ ಆಮೇಲೆ. ಅರ್ಧ ಗಂಟೆ ಮಲಗಬಾರದು, ಮಲಗಿದರೆ ಅನ್ನನಾಳ ಸುಡುತ್ತದೆ. ಇದು ಕಷ್ಟ ಅನ್ನುವವರಿಗೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಔಷಧಿ ಇದೆ, ಕಿಡ್ನಿ ಪರೀಕ್ಷೆ ಮಾಡಿಯೇ ಕೊಡಬೇಕು. ಆರು ತಿಂಗಳಿಗೊಮ್ಮೆ ಚರ್ಮದಡಿ ಹಾಕುವ ಡೆನೊಸುಮ್ಯಾಬ್ ಇಂಜೆಕ್ಷನ್ನೂ ಇದೆ. ಇದನ್ನು ಮಾತ್ರ ದಯವಿಟ್ಟು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಗಳಿಸಿದ ಗಟ್ಟಿತನ ಬೇಗ ಕರಗುತ್ತದೆ, ಕೆಲವರಿಗೆ ಒಂದರ ಹಿಂದೊಂದು ನಾಲ್ಕಾರು ಮೂಳೆ ಕುಸಿದದ್ದೂ ಇದೆ. ಮನೆಯಲ್ಲಿ ಮದುವೆ ಇತ್ತು, ಊರಿಗೆ ಹೋಗಿದ್ವಿ ಅಂತ ಎರಡು ಮೂರು ತಿಂಗಳು ತಡವಾಗಿ ಬರುವವರಿದ್ದಾರೆ. ಅಷ್ಟು ತಡ ಮಾಡಬಾರದು. ನಿಲ್ಲಿಸಲೇಬೇಕು ಅಂದರೆ ಬದಲಿ ಔಷಧಿ ಯಾವುದು ಅಂತ ಮೊದಲೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ.