ಇಪ್ಪತ್ತೈದು ಮೆಣಸಿನಕಾಯಿ ಅಂದ್ರೆ ಯಾವ ಮೆಣಸಿನಕಾಯಿ?

ಹೋದ ವಾರ ರಾತ್ರಿ ಒಂಬತ್ತು ಗಂಟೆಗೆ ಒಂದು ಫೋನ್ ಬಂತು. ನಮ್ಮ ಹತ್ರ ಸಾರಿನ ಪುಡಿ ತಗೊಳ್ಳೋ ಹುಡುಗಿ, ಮದುವೆಯಾಗಿ ಒಂದು ವರ್ಷ ಆಗಿದೆ, ಈ ಸಲ ಬಿಸಿಬೇಳೆಬಾತ್ ಪುಡಿ ನಾನೇ ಮಾಡ್ತೀನಿ ಅಂತ ವಿಡಿಯೋ ನೋಡ್ಕೊಂಡು ಮಾಡಿದ್ದಾಳೆ. "ಅಂಕಲ್, ಅವ್ರು 25 ಮೆಣಸಿನಕಾಯಿ ಅಂದ್ರು, ನಾನು ಎಣಿಸಿ 25ನೇ ಹಾಕಿದ್ದು, ಮಾವನೋರು ಎರಡು ತುತ್ತು ತಿಂದು ಮೊಸರು ಕೇಳಿದ್ರು" ಅಂತ ಅಳೋ ಹಾಗಾಗಿದ್ಲು ಪಾಪ. ಯಾವ ಮೆಣಸಿನಕಾಯಿ ಹಾಕ್ದೆ ಮಗಾ ಅಂದೆ. "ಕೆಂಪು ಒಣಮೆಣಸಿನಕಾಯಿ ಅಂಕಲ್, ಅಂಗಡಿಲಿ ಕೊಟ್ಟಿದ್ದು."

ಇಪ್ಪತ್ತೆರಡು ವರ್ಷದಿಂದ ಮೈಸೂರಲ್ಲಿ ಅಡುಗೆ ಕಾಂಟ್ರಾಕ್ಟ್ ಮಾಡ್ತಿದೀನಿ, ಜೊತೆಗೆ ಪುಡಿ ಮಾಡಿ ಕೊಡ್ತೀನಿ, ಈ ಉತ್ತರ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಕೆಂಪು ಒಣಮೆಣಸಿನಕಾಯಿ ಅನ್ನೋದು ಒಂದು ಪದಾರ್ಥ ಅಲ್ಲ ಕಣ್ರೀ. ಅಕ್ಕಿ ತಗೊಂಬಾ ಅಂದ್ರೆ ದೋಸೆ ಅಕ್ಕಿನಾ ಸೋನಾ ಮಸೂರಿನಾ ಅಂತ ಕೇಳೋರು, ಮೆಣಸಿನಕಾಯಿ ವಿಷಯಕ್ಕೆ ಬಂದ್ರೆ ಮಾತ್ರ ಒಂದು ಮಾತೂ ಕೇಳದೆ ಕೊಟ್ಟಿದ್ದನ್ನ ಚೀಲಕ್ಕೆ ಹಾಕ್ಕೊಂಡು ಬರ್ತಾರೆ.

ನಮ್ಮ ಕಡೆ ಹಳೇ ಅಳತೆಗಳೆಲ್ಲ ಬ್ಯಾಡಗಿ ಇಟ್ಕೊಂಡು ಹುಟ್ಟಿದ್ದು. ಅಜ್ಜಿ 25 ಅಂದ್ರೆ ಬ್ಯಾಡಗಿ 25. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರ್ಕೆಟ್ಟಿಂದ ಆ ಹೆಸರು, ಬೆಳೆಯೋದು ಧಾರವಾಡ, ಗದಗ, ಹಾವೇರಿ ಸುತ್ತಮುತ್ತ, 2011ರಲ್ಲಿ ಜಿಐ ಟ್ಯಾಗೂ (ಇದು ಈ ಕಡೆಯದ್ದೇ ಅಂತ ಸರ್ಕಾರ ಕೊಡೋ ಗುರುತು) ಸಿಕ್ತು. ಅದರಲ್ಲಿ ಕಡ್ಡಿ ಅಂತ ಒಂದು, ಡಬ್ಬಿ ಅಂತ ಒಂದು. ಕಡ್ಡಿ ಉದ್ದಕ್ಕೆ ಸಣ್ಣಗಿರುತ್ತೆ, ಬೀಜ ಕಡಿಮೆ, ಡಬ್ಬಿ ಗಿಡ್ಡಕ್ಕೆ ದಪ್ಪಗೆ. ಎರಡರ ಸಿಪ್ಪೆನೂ ಮುದುಕಿ ಕೆನ್ನೆ ಥರ ಸುಕ್ಕುಸುಕ್ಕು. ಆಂಧ್ರದ ಗುಂಟೂರು ಕಾಯಿ ಹಾಗಲ್ಲ, ನುಣ್ಣಗೆ ಹೊಳೀತಾ ಇರುತ್ತೆ, ಸುಕ್ಕು ಕಮ್ಮಿ. ಆ ಹುಡುಗಿ ಹಾಕಿದ್ದು 25 ಗುಂಟೂರು, ಅದನ್ನ ತಿಂದು ಮಾವ ಮೊಸರು ಕೇಳದೆ ಇನ್ನೇನು ಮಾಡ್ತಾರೆ.

ನೂರು ಸಲ ಹೇಳಿದ್ರೂ ಜನರ ತಲೆಗೆ ಹೋಗದೆ ಇರೋದು ಇದೊಂದೇ: ಬಣ್ಣ ಬೇರೆ, ಖಾರ ಬೇರೆ. ಎರಡೂ ಒಂದೇ ಕಾಯಲ್ಲಿ ಇರುತ್ತೆ ನಿಜ, ಆದ್ರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಕೆಂಪು ಬಣ್ಣ ಸಿಪ್ಪೆಯಲ್ಲಿರೋ ಕ್ಯಾಪ್ಸಾಂಥಿನ್ ಅನ್ನೋ ವಸ್ತುವಿಂದ ಬರೋದು, ಖಾರ ಬರೋದು ಕ್ಯಾಪ್ಸೈಸಿನ್ನಿಂದ, ಅದು ಇರೋದು ಮುಖ್ಯವಾಗಿ ಒಳಗಡೆ ಬೀಜ ಅಂಟ್ಕೊಂಡಿರೋ ಬಿಳಿ ಪೊರೆಯಲ್ಲಿ. ಬೀಜದಲ್ಲೇ ಖಾರ ಅಂತಾರಲ್ಲ, ಆ ಪೊರೆ ತಾಗಿ ತಾಗಿ ಬೀಜಕ್ಕೂ ಖಾರ ಹತ್ತಿರುತ್ತೆ ಅಷ್ಟೆ. ಖಾರ ಅಳೆಯೋಕೆ 1912ರಲ್ಲಿ ಸ್ಕೋವಿಲ್ ಅನ್ನೋ ಅಮೆರಿಕದ ಫಾರ್ಮಸಿ ವಿಜ್ಞಾನಿ ಒಂದು ದಾರಿ ಕಂಡುಹಿಡಿದ, ಮೆಣಸಿನಕಾಯಿ ರಸಕ್ಕೆ ಸಕ್ಕರೆ ನೀರು ಬೆರೆಸ್ತಾ ಹೋಗೋದು, ನಾಲಿಗೆಗೆ ಖಾರ ಗೊತ್ತಾಗದೆ ಇರೋವರೆಗೆ ಎಷ್ಟು ಬೆರೆಸಬೇಕಾಯ್ತು ಅಂತ ಲೆಕ್ಕ ಹಾಕೋದು. ಬಣ್ಣಕ್ಕೆ ಅಳತೆನೇ ಬೇರೆ. ಬ್ಯಾಡಗಿಗೆ ಬಣ್ಣದ ಅಳತೇಲಿ ಎತ್ತರದ ಜಾಗ, ಖಾರದ ಅಳತೇಲಿ ಕೆಳಗಿನ ಜಾಗ. ಗುಂಟೂರು ಇದರ ತಲೆಕೆಳಗು.

ಇದು ಗೊತ್ತಿಲ್ಲದೆ ಇರೋದ್ರಿಂದ ತಪ್ಪು ಎರಡೂ ಕಡೆಯಿಂದ ಆಗುತ್ತೆ. ಒಬ್ಬರು ನನ್ನ ಪುಡಿ ನೋಡಿ "ಇಷ್ಟು ಕೆಂಪಗಿದೆ, ಮಕ್ಕಳಿಗೆ ಆಗಲ್ಲ" ಅಂತ ಅರ್ಧ ಚಮಚ ಹಾಕಿ, ಸಾರು ಸಪ್ಪೆ ಅಂತ ಫೋನ್ ಮಾಡ್ತಾರೆ. ಇನ್ನೊಬ್ಬರು ಅಂಗಡಿಯ ಖಾರದ ಪುಡಿ ತಂದು, ಬಣ್ಣ ಬರಲಿಲ್ಲ ಅಂತ ಇನ್ನೊಂದು ಚಮಚ, ಮತ್ತೊಂದು ಚಮಚ ಹಾಕ್ತಾ ಹೋಗ್ತಾರೆ, ಬಣ್ಣ ಬರೋಷ್ಟರಲ್ಲಿ ಬಾಯಿಗಿಡೋಕಾಗಲ್ಲ.

ನಂಗೂ ಒಂದ್ಸಲ ಪೆಟ್ಟು ಬಿದ್ದಿದೆ. ಶುರುವಿನ ವರ್ಷಗಳಲ್ಲಿ ಒಂದು ಉಪನಯನಕ್ಕೆ ಬ್ಯಾಡಗಿ ಅಂತ ಬರೆದುಕೊಟ್ಟ ಚೀಟಿಗೆ ಅಂಗಡಿಯವರು ಬೇರೆ ಯಾವುದೋ ಕಾಯಿ ಕಟ್ಟಿ ಕಳಿಸಿದ್ರು, ಬೆಳಗಿನ ಜಾವ ನಾಲ್ಕು ಗಂಟೆ ಕತ್ತಲೆ, ನಾನು ಮೂಟೆ ಬಿಚ್ಚಿ ಮುಟ್ಟಿ ನೋಡಲಿಲ್ಲ, ಹುಡುಗರು ಹುರಿದೇಬಿಟ್ರು. ಮೊದಲ ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಹುಳಿಯನ್ನ ಅನ್ನದಿಂದ ಬೆರಳಲ್ಲಿ ಪಕ್ಕಕ್ಕೆ ಸರಿಸಿ ಬರೀ ಮಜ್ಜಿಗೆ ಹಾಕಿಸ್ಕೊಂಡ್ರು, ಒಂದು ಮಾತೂ ಆಡಲಿಲ್ಲ. ಬೈದಿದ್ರೆ ವಾಸಿ ಇತ್ತು. ಅವತ್ತಿಂದ ಮೂಟೆಯಿಂದ ಒಂದು ಕಾಯಿ ತೆಗೆದು ಮುರಿದು, ಮೂಸಿ, ನಾಲಿಗೆ ತುದಿಗೆ ಮುಟ್ಟಿಸದೆ ಒಲೆ ಹಚ್ಚಲ್ಲ.

ಇನ್ನು ಅಜ್ಜಿ ಕಾಲದಿಂದ, ಅಜ್ಜಿಯ ಅಜ್ಜಿ ಕಾಲದಿಂದ ಅಂತೀವಲ್ಲ, ಮೆಣಸಿನಕಾಯಿ ಅಷ್ಟೇನೂ ಹಳೇದಲ್ಲ. ಅದರ ತವರು ಮೆಕ್ಸಿಕೋ ಕಡೆ. ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ, ಅವರ ಹಡಗುಗಳ ಓಡಾಟದಲ್ಲೇ ಇದು ನಮ್ಮ ನೆಲಕ್ಕೆ ಇಳಿದಿದ್ದು. 11ನೇ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆಗೇ ಒಂದು ಅಧ್ಯಾಯ ಇದೆ, ಅದರಲ್ಲಿ ಮೆಣಸಿನಕಾಯಿ ಇರೋಕೆ ಸಾಧ್ಯನೇ ಇಲ್ಲ. ಆಗ ಖಾರ ಅಂದ್ರೆ ಮೆಣಸು. ಹೊಸ ಕಾಯಿ ಬಂದಾಗ ಅದರ ಹೆಸರನ್ನೇ ಇದಕ್ಕೂ ಕೊಟ್ರು. ಮಂಗಳೂರು, ಉಡುಪಿ ಕಡೆಯೋರು ಈಗಲೂ ಮೆಣಸಿನಕಾಯಿಗೇ ಮೆಣಸು ಅಂತಾರೆ, ಹಳೇ ಮೆಣಸಿಗೆ ಒಳ್ಳೆಮೆಣಸು ಅಂತಾರೆ, ನಂಗೆ ಆ ಮಾತು ತುಂಬಾ ಇಷ್ಟ. ಆ ಕಡೆಯೋರ ರೆಸಿಪಿ ಓದೋವಾಗ ಇದೂ ನೆನಪಿರ್ಲಿ, ಅವರು "15 ಮೆಣಸು" ಅಂದ್ರೆ ಕರಿಮೆಣಸಿನ ಕಾಳು ಎಣಿಸ್ತಾ ಕೂರಬೇಡಿ.

ತಿಥಿ ಅಡುಗೆಗೆ ಹೋದಾಗೆಲ್ಲ ನಂಗೆ ಇದು ಕಣ್ಣೆದುರಿಗೇ ಕಾಣುತ್ತೆ. ನಾವು ಮಾಡೋ ಮನೆಗಳಲ್ಲಿ ಅವತ್ತು ಮೆಣಸಿನಕಾಯಿ ಇಲ್ಲ, ಟೊಮ್ಯಾಟೋ ಇಲ್ಲ, ಆಲೂಗಡ್ಡೆ ಇಲ್ಲ. ಬಾಳೆಕಾಯಿ, ಹಾಗಲಕಾಯಿ, ಪಲ್ಯಕ್ಕೆ ಮೆಣಸು ಜೀರಿಗೆ. ಶಾಸ್ತ್ರ ತಿಳಿದವರು ಬೇರೆ ಕಾರಣ ಹೇಳಬಹುದು, ಅದು ನನ್ನ ವಿಷಯ ಅಲ್ಲ, ಅಡುಗೆಯವನಾಗಿ ನಂಗೆ ಅನಿಸೋದು ಇಷ್ಟು, ಬಿಟ್ಟಿರೋದ್ರಲ್ಲಿ ಮುಖ್ಯವಾದ ಈ ಮೂರೂ ಸಮುದ್ರ ದಾಟಿ ಬಂದವು.

ಸರಿ, ಪುಡಿಗೆ ಬರೋಣ. ಕಾಯಿ ಎಣಿಸಬೇಡಿ, ತೂಕ ಮಾಡಿ. ಸಾರಿನ ಪುಡಿಗೆ ಕಾಲು ಕೆಜಿ ಧನಿಯಾಕ್ಕೆ ನಾನು 200 ಗ್ರಾಂ ಬ್ಯಾಡಗಿ, 50 ಗ್ರಾಂ ಗುಂಟೂರು ಹಾಕ್ತೀನಿ. ಚಿಕ್ಕ ಮಕ್ಕಳಿದ್ರೆ, ಹೊಟ್ಟೆ ಹುಣ್ಣಿದ್ರೆ ಗುಂಟೂರು ಬಿಟ್ಟೇಬಿಡಿ, ಹುಣ್ಣಿರೋರು ಡಾಕ್ಟ್ರನ್ನೂ ಒಂದು ಮಾತು ಕೇಳಿ. ಹುರಿಯೋವಾಗ ಅರ್ಧ ಚಮಚ ಹರಳೆಣ್ಣೆ ಸವರಿ ಸಣ್ಣ ಉರಿಯಲ್ಲಿ ಕೈ ಆಡಿಸ್ತಿರಿ, ಘಾಟು ಕಡಿಮೆ ಆಗುತ್ತೆ, ಸುಕ್ಕು ಬಿಟ್ಕೊಂಡು ಕಾಯಿ ಉಬ್ಬುತ್ತೆ, ಮುರಿದ್ರೆ ಪಟ್ ಅನ್ನಬೇಕು. ಕಪ್ಪಾದ್ರೆ ಕಹಿ, ಅದನ್ನ ಎತ್ತಿ ಬಿಸಾಕಿ. ಪುಡಿ ಡಬ್ಬ ಬಿಸಿಲು ಬೀಳೋ ಕಿಟಕಿ ಹತ್ರ ಇಡಬೇಡಿ, ಬೆಳಕಿಗೆ ಬಣ್ಣ ಹೋಗುತ್ತೆ, ಖಾರ ಹಾಗೇ ಇರುತ್ತೆ. ಅಮೆರಿಕದಿಂದ ಕೇಳೋರಿಗೆ ಹೇಳೋದು, ಬ್ಯಾಡಗಿ ಸಿಗದಿದ್ರೆ ಕಾಶ್ಮೀರಿ ಅಂತ ಬರೆದಿರೋದು ತಗೊಳ್ಳಿ, ರುಚಿ ಪೂರ್ತಿ ಅದೇ ಅಲ್ಲ, ಆದ್ರೆ ಹತ್ತಿರಕ್ಕೆ ಬರುತ್ತೆ.

ಆ ಹುಡುಗಿಗೆ ಪುಡಿ ಚೆಲ್ಲಬೇಡ ಅಂದೆ. ಧನಿಯಾ, ಕಡ್ಲೆಬೇಳೆ, ಉದ್ದಿನಬೇಳೆ, ಚಕ್ಕೆ, ಕೊಬ್ಬರಿ ಎಲ್ಲ ಮತ್ತೆ ಅಷ್ಟೇ ಅಳತೇಲಿ ಹುರಿದು, ಮೆಣಸಿನಕಾಯಿ ಒಂದೂ ಹಾಕದೆ ಪುಡಿ ಮಾಡಿ ಇದಕ್ಕೆ ಬೆರೆಸು, ಸಾಲದಿದ್ರೆ ಇನ್ನೊಂದ್ಸಲ ಬೆರೆಸು ಅಂತ. ಭಾನುವಾರ ಅವಳೇ ಫೋನ್ ಮಾಡಿದ್ಲು, ಅಂಗಡಿಯಿಂದ. "ಅಂಕಲ್, ಬ್ಯಾಡಗಿ ಅಂತ ಕೊಡ್ತಿದಾರೆ, ಆದ್ರೆ ನುಣ್ಣಗಿದೆ." ವಾಪಸ್ ಕೊಟ್ಟು ಬಾ ಅಂದೆ.