'ಅವನು ಮುಸಲ್ಮಾನನೇ ಅಲ್ಲ' ಅನ್ನೋ ಮೊದಲು: ತಕ್ಫೀರ್ ಪಾಠದ ಟಿಪ್ಪಣಿ

ರಾಯಚೂರಿನಲ್ಲಿ ಭಾನುವಾರ ರಾತ್ರಿಯ ಇಶಾ ನಮಾಜ್ ಮುಗಿದ ಮೇಲೆ ನಾವು ಏಳೆಂಟು ಜನ ಕೂತು ಓದುತ್ತೇವೆ. ಹೋದ ವಾರದ ವಿಷಯ ತಕ್ಫೀರ್. ಅಂದರೆ ಕಲಿಮಾ (ಇಸ್ಲಾಮಿನ ನಂಬಿಕೆಯ ಘೋಷಣೆ) ಹೇಳಿದ ಒಬ್ಬರನ್ನು ಕಾಫಿರ್, ಅಂದರೆ ಮುಸಲ್ಮಾನನಲ್ಲ ಎಂದು ತೀರ್ಮಾನಿಸುವುದು. ಬರಲಾಗದವರಿಗೆ ಇದು.

ಈ ಪಾಠ ಶುರುವಾಗಿದ್ದೇ ನನ್ನಿಂದ. ಮುದಗಲ್ ಕಡೆಯ ಹಳ್ಳಿಯೊಂದರಲ್ಲಿ ಪಿಂಜಾರರ ಅಜ್ಜ ಒಬ್ಬರು ಗಾದಿ ಹೊಲಿಯುತ್ತಾ ಕೂತಿದ್ದರು, ಹುಬ್ಬಿನ ತುಂಬ ಅರಳೆ ಎಳೆ. ನಮಾಜಿನ ಮಾತು ಬಂತು. 'ಶುಕ್ರವಾರದ್ದೊಂದು ಸಾಕು ತಮ್ಮಾ, ದಿನಾ ಐದು ಸಲ ಅನ್ನೋದು ಹಜರತ್ ಮಂದಿಗೆ, ನಮಗಲ್ಲ' ಅಂದರು. ನನ್ನ ತಲೆಯಲ್ಲಿ ಮೊದಲು ಬಂದ ಪದ 'ಕುಫ್ರ್', ಅಂದರೆ ನಂಬಿಕೆಯ ನಿರಾಕರಣೆ. ಬಾಯಿಗೆ ಬರಲಿಲ್ಲ, ಅಲ್ಲಾಹನ ದಯೆ.

ಈಗ ವಿಷಯಕ್ಕೆ. ನಮಾಜ್ ಬಿಡೋದು ಬೇರೆ, ಅದು ಫರ್ಜೇ (ಕಡ್ಡಾಯವೇ) ಅಲ್ಲ ಅನ್ನೋದು ಬೇರೆ. ಸೋಮಾರಿತನದಿಂದ ಬಿಟ್ಟವನದು ದೊಡ್ಡ ಪಾಪ, ಆದರೆ ಅವನು ಇಸ್ಲಾಮಿನಿಂದ ಆಚೆ ಹೋಗಲಿಲ್ಲ ಅಂತ ಹನಫಿ, ಮಾಲಿಕಿ, ಶಾಫಿಈ ಪಂಥಗಳ ನಿಲುವು. ಹಂಬಲಿ ಪಂಥದ ಇಮಾಮ್ ಅಹ್ಮದ್ ಬಿನ್ ಹಂಬಲ್ ಅವರ ಹೆಸರಾಂತ ಅಭಿಪ್ರಾಯ ಇನ್ನೂ ಕಠಿಣ. ಫರ್ಜ್ ಅನ್ನೇ ಗೊತ್ತಿದ್ದೂ ಗೊತ್ತಿದ್ದೂ ನಿರಾಕರಿಸುವುದಂತೂ ಕುಫ್ರ್, ಅದರಲ್ಲಿ ಜಗಳವಿಲ್ಲ. ಆದರೆ ನಾವು ಎಡವೋದು ಇಲ್ಲೇ: ಮಾತು ಕುಫ್ರ್ ಆದ ಮಾತ್ರಕ್ಕೆ ಆಡಿದವನು ಕಾಫಿರ್ ಆಗುವುದಿಲ್ಲ. ಅವನಿಗೆ ಗೊತ್ತಿತ್ತಾ, ತಪ್ಪು ತಿಳಿದುಕೊಂಡಿದ್ದನಾ, ಯಾರಾದರೂ ಬಲವಂತ ಮಾಡಿದ್ದರಾ, ಬಾಯಿ ತಪ್ಪಿ ಬಂತಾ, ಇಷ್ಟೂ ನೋಡಬೇಕು. ಹೊಸದಾಗಿ ಇಸ್ಲಾಮಿಗೆ ಬಂದವನಿಗೆ, ಕಲಿಸುವವರೇ ಇಲ್ಲದ ದೂರದ ಊರಲ್ಲಿ ಬೆಳೆದವನಿಗೆ ಇಸ್ಲಾಮಿನ ಕಾನೂನು ಶಾಸ್ತ್ರವಾದ ಫಿಕ್ಹ್‌ನಲ್ಲಿ ವಿನಾಯಿತಿ ಇದೆ. ಅಜ್ಜನ ಊರು ನೆನಪಾಯಿತು.

ಬುಖಾರಿ, ಮುಸ್ಲಿಂ ಎಂಬ ಎರಡೂ ಸಂಗ್ರಹಗಳಲ್ಲಿ ಇರುವ ಒಂದು ಹದೀಸ್ (ಪ್ರವಾದಿಯ ಮಾತು) ನೋಡಿ. ಒಬ್ಬ ಪಾಪಿ ಸಾಯುವಾಗ ಮಕ್ಕಳಿಗೆ ಹೇಳುತ್ತಾನೆ: ನನ್ನನ್ನು ಸುಟ್ಟು ಬೂದಿ ಮಾಡಿ ತೂರಿಬಿಡಿ, ಅಲ್ಲಾಹನ ಕೈಗೆ ಸಿಕ್ಕರೆ ಯಾರಿಗೂ ಕೊಡದ ಶಿಕ್ಷೆ ನನಗೆ ಕೊಡ್ತಾನೆ. ಬೂದಿಯಾದರೆ ತಪ್ಪಿಸಿಕೊಳ್ಳಬಹುದು ಅನ್ನೋದೇ ತಪ್ಪು ನಂಬಿಕೆ, ಅಲ್ವಾ? ಆದರೂ ಅಲ್ಲಾಹ ಅವನನ್ನು ಎಬ್ಬಿಸಿ ಯಾಕೆ ಹೀಗೆ ಅಂತ ಕೇಳಿದ, ಅವನು 'ನಿನ್ನ ಭಯದಿಂದ ಹೀಗೆ ಮಾಡಿದೆ' ಅಂದ, ಕ್ಷಮೆ ಸಿಕ್ಕಿತು.

ತಪ್ಪು ಅರ್ಥ ಮಾಡಿಕೊಳ್ಳುವುದಕ್ಕೆ ಕುದಾಮಾ ಬಿನ್ ಮಝ್ಊನ್ ಉದಾಹರಣೆ. ಬದ್ರ್ ಯುದ್ಧದಲ್ಲಿ ಹೋರಾಡಿದ ಸಹಾಬಿ (ಪ್ರವಾದಿಯ ಸಂಗಾತಿ), ಆದರೂ ಹೆಂಡ ಕುಡಿದರು. ಕುರ್‌ಆನಿನ 5:93 ತೋರಿಸಿ ತನ್ನಂಥವನಿಗೆ ತಪ್ಪಿಲ್ಲ ಅಂದರು. ಆಗ ಖಲೀಫಾ (ಮುಸ್ಲಿಮರ ಆಡಳಿತಗಾರ) ಆಗಿದ್ದ ಹಝ್ರತ್ ಉಮರ್ (ರ) ತಿದ್ದಿದರು, ಶಿಕ್ಷೆಯನ್ನೂ ಕೊಟ್ಟರು. ಕಾಫಿರ್ ಅನ್ನಲಿಲ್ಲ.

'ಜಕಾತ್ (ಕಡ್ಡಾಯ ದಾನ) ಕೊಡದವರ ಮೇಲೆ ಹಝ್ರತ್ ಅಬೂಬಕರ್ (ರ) ಯುದ್ಧವನ್ನೇ ಮಾಡಿದರಲ್ಲ' ಅಂತ ನಮ್ಮಲ್ಲೊಬ್ಬ ಕೇಳಿದ. ಒಳ್ಳೆ ಪ್ರಶ್ನೆ. ಅದು 632ರ ಮಾತು, ಆಗ ಉಮರ್ ಅವರೇ ಮೊದಲು ಒಪ್ಪಲಿಲ್ಲ, ಕಲಿಮಾ ಹೇಳುವವರ ಮೇಲೆ ಯುದ್ಧ ಹೇಗೆ ಅಂದರು, ಮತ್ತೆ ತೀರ್ಮಾನ ತೆಗೆದುಕೊಂಡವರು ಖಲೀಫಾ ಅಬೂಬಕರ್, ಬೀದಿಯಲ್ಲಿ ನಿಂತ ನಾನು ನೀನು ಅಲ್ಲ. ಜಕಾತ್ ತಡೆದವರೆಲ್ಲ ಧರ್ಮಭ್ರಷ್ಟರಲ್ಲ, ಅವರಲ್ಲಿ ಒಂದು ಗುಂಪು ಬರೀ ದಂಗೆಕೋರರು ಅಂತ ಹದೀಸ್ ವಿದ್ವಾಂಸ ಇಮಾಮ್ ಖತ್ತಾಬಿಯಂಥವರು ಬಿಡಿಸಿ ಹೇಳಿದ್ದಾರೆ.

ನನ್ನನ್ನು ಜಾಸ್ತಿ ಅಲುಗಾಡಿಸಿದ್ದು ಉಸಾಮಾ ಬಿನ್ ಝೈದ್ (ರ) ಅವರ ಘಟನೆ. ಯುದ್ಧದಲ್ಲಿ ಒಬ್ಬ ಎದುರಾಳಿ ಕೈಗೆ ಸಿಕ್ಕ ತಕ್ಷಣ 'ಲಾ ಇಲಾಹ ಇಲ್ಲಲ್ಲಾಹ್' ಅಂತ ಕಲಿಮಾ ಹೇಳಿದ. ಉಸಾಮಾ ಅವನನ್ನು ಕೊಂದರು. ಪ್ರವಾದಿ (ಸ) ಕೇಳಿದಾಗ, ಹೆದರಿ ಹೇಳಿದ್ದು ಅಂದರು. 'ಎದೆ ಸೀಳಿ ನೋಡಿದೆಯಾ?' ಅಂತ ಪ್ರವಾದಿ (ಸ) ಮತ್ತೆ ಮತ್ತೆ ಕೇಳುತ್ತಲೇ ಹೋದರು. ಈ ದಿನವೇ ನಾನು ಮುಸ್ಲಿಂ ಆಗಿದ್ದರೆ ಚೆನ್ನಾಗಿತ್ತು, ಈ ಪಾಪ ಅಳಿಸಿಹೋಗುತ್ತಿತ್ತು ಅಂತ ಉಸಾಮಾ ಅವರಿಗೆ ಅನ್ನಿಸಿಬಿಟ್ಟಿತು. ಪ್ರವಾದಿಗೆ ಅಷ್ಟು ಪ್ರೀತಿಯವರಿಗೇ ಹೀಗಾದರೆ!

ಇಸ್ಲಾಮಿನ ಮೊದಲ ಕಾಲದ ಬಂಡಾಯ ಗುಂಪಾದ ಖವಾರಿಜರ ಬಗ್ಗೆ ಮುಂದಿನ ವಾರ ಓದೋಣ. ಇಷ್ಟು ಗೊತ್ತಿರಲಿ: ನಮಾಜ್, ರೋಜಾದಲ್ಲಿ ಅವರನ್ನು ಮೀರಿಸುವುದು ಕಷ್ಟ ಅನ್ನುವಂಥವರು, ಆದರೂ ಖಲೀಫಾ ಆಗಿದ್ದ ಹಝ್ರತ್ ಅಲಿ (ರ) ಅವರನ್ನೇ ಕಾಫಿರ್ ಅಂದರು, 661ರಲ್ಲಿ ಅವರವನೇ ಒಬ್ಬ ಅಲಿಯವರನ್ನು ಕೊಂದ.

ಅಜ್ಜ ಹೇಳಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಐದು ಹೊತ್ತೂ ಫರ್ಜ್. ಆದರೆ ಎರಡನೇ ಸಲ ಹೋದಾಗ ಕೇಳಿದೆ, 'ಹಾಗಂತ ನಿಮಗೆ ಯಾರು ಹೇಳಿದ್ದು ಅಜ್ಜ?' 'ಯಾರೂ ಹೇಳಿಲ್ಲಪ್ಪ, ನಮ್ಮಪ್ಪ ಹಂಗೇ ಮಾಡ್ತಿದ್ದ' ಅಂದರು. ಆಮೇಲೆ ಸೂಜಿ ಕೆಳಗಿಟ್ಟು, ಬೆಳಗಿನ ಫಜ್ರ್ ನಮಾಜಿಗೆ ಎಷ್ಟು ರಕಾತ್ (ಸುತ್ತು) ಅಂತ ಅವರೇ ಕೇಳಿದರು. ಈ ಶುಕ್ರವಾರ ನಮಾಜಿನಲ್ಲಿ ಕೂತು ಹೇಳುವ ಅತ್ತಹಿಯ್ಯಾತ್ ಕನ್ನಡದಲ್ಲಿ ಬರೆದುಕೊಂಡು ಹೋಗುತ್ತಿದ್ದೇನೆ, ದಪ್ಪ ಅಕ್ಷರದಲ್ಲಿ. ಅವರಿಗೆ ಕಣ್ಣು ಸ್ವಲ್ಪ ಮಂಜು.