ಸಾವಯವ ವೈನ್ ಅಂತೀರಿ, ಬಾಟಲಿ ಮೇಲೆ ‘ಸಲ್ಫೈಟ್ ಇದೆ’ ಅಂತ ಯಾಕಿದೆ?

ಪ್ರಶ್ನೆ: ಮಗಳು ಇಟಲಿಯಿಂದ ಬರುವಾಗ ಕಿಯಾಂಟಿ ಕ್ಲಾಸಿಕೋ ಅನ್ನುವ ಕೆಂಪು ವೈನಿನ ಒಂದು ಬಾಟಲಿ ತಂದಳು. ಕತ್ತಿನ ಹತ್ತಿರ ಕಪ್ಪು ಹುಂಜದ ಚಿತ್ರ, ಹಿಂದೆ ಸಾವಯವದ ಹಸಿರು ಎಲೆ ಗುರುತು. ಅದರ ಕೆಳಗೇ ‘ಸಲ್ಫೈಟ್ ಇದೆ’ ಅಂತ ಬರೆದಿದೆ. ಸಾವಯವ ಅಂದಮೇಲೆ ಏನೂ ಬೆರೆಸಿರಬಾರದು ಅಲ್ವಾ?

ಉತ್ತರ: ಆ ಎಲೆ ಗುರುತೂ ನಿಜ, ಸಲ್ಫೈಟ್ ಇರುವುದೂ ನಿಜ. ನಿಮಗೆ ಯಾರೂ ಮೋಸ ಮಾಡಿಲ್ಲ.

ಸಲ್ಫೈಟ್ ಗಂಧಕದಿಂದ ಬರುವ ವಸ್ತು. ದ್ರಾಕ್ಷಿ ರಸ ಹುದುಗುವಾಗ ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟ್ ಮಾಡುತ್ತದೆ. ಹಾಗಾಗಿ ಹೊರಗಿನಿಂದ ಒಂದು ಚಿಟಿಕೆ ಹಾಕದಿದ್ದರೂ ವೈನಿನಲ್ಲಿ ಅದು ಅಷ್ಟಿಷ್ಟು ಇದ್ದೇ ಇರುತ್ತದೆ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಯುರೋಪಿನಲ್ಲಿ ಲೇಬಲ್ ಮೇಲೆ ಹಾಕಲೇಬೇಕು. ಅಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಆಗಿಬರುವುದಿಲ್ಲ, ಅದಕ್ಕೇ ಈ ನಿಯಮ.

ಹೆಚ್ಚಿನವರು ಹೊರಗಿನಿಂದಲೂ ಸ್ವಲ್ಪ ಸೇರಿಸುತ್ತಾರೆ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ವೈನಿಗೂ ಗಾಳಿ ತಾಗಿದರೆ ಬಣ್ಣ, ಪರಿಮಳ ಹೋಗುತ್ತದೆ. ಜೊತೆಗೆ ಬ್ಯಾಕ್ಟೀರಿಯಾ ಸೇರಿ ವಿನೆಗರ್ ಆಗುವ ಭಯ. ಇವೆರಡನ್ನೂ ಸಲ್ಫೈಟ್ ತಡೆಯುತ್ತದೆ. ಯುರೋಪಿನಲ್ಲಿ ಸಿಹಿಯಿಲ್ಲದ ಸಾಮಾನ್ಯ ಕೆಂಪು ವೈನಿಗೆ ಲೀಟರಿಗೆ 150 ಮಿಲಿಗ್ರಾಂ ತನಕ ಅನುಮತಿ ಇದೆ. ಸಾವಯವ ಕೆಂಪು ವೈನಿಗೆ 100 ಮಿಲಿಗ್ರಾಂ. 2012ಕ್ಕೂ ಮೊದಲು ಅಲ್ಲಿ ‘ಸಾವಯವ ವೈನ್’ ಅಂತ ಬರೆಯುವ ಹಾಗೇ ಇರಲಿಲ್ಲ, ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್’ ಅನ್ನಬೇಕಿತ್ತು. ಅಮೆರಿಕದಲ್ಲಿ ಬೇರೆ ಲೆಕ್ಕ: ಸಲ್ಫೈಟ್ ಸೇರಿಸಿದರೆ ಅದನ್ನು ಸಾವಯವ ವೈನ್ ಅಂತ ಮಾರುವ ಹಾಗಿಲ್ಲ.

ಆದರೆ ನನಗೆ ಬಾಟಲಿಗಿಂತ ತೋಟದ ವಿಷಯ ಹೇಳಲು ಆಸೆ. ಸಾವಯವ ಅಂದ್ರೆ ಏನೂ ಸಿಂಪಡಿಸುವುದಿಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಮಳೆ ಬಿದ್ದ ವರ್ಷ ದ್ರಾಕ್ಷಿ ಎಲೆಗೆ ಡೌನಿ ಎಂಬ ಬೂಷ್ಟಿನಂಥ ರೋಗ ಬಂತೆಂದರೆ ಬರಿಗೈಯಲ್ಲಿ ಕೂರಲಾಗುವುದಿಲ್ಲ. ಸಾವಯವ ಬೆಳೆಗಾರರು ಹೊಡೆಯುವ ಮದ್ದು ಯಾವುದು ಗೊತ್ತಾ? ತಾಮ್ರ. ನಮ್ಮ ಮಲೆನಾಡಿನ ಅಡಿಕೆ ತೋಟದವರು ಕೊಳೆರೋಗಕ್ಕೆ ಹೊಡೆಯುವ ಅದೇ ಬೋರ್ಡೋ ದ್ರಾವಣದ ಬಳಗ. 1 ಕಿಲೋ ಮೈಲುತುತ್ತ (ಅಂದ್ರೆ ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ನೀಲಿ ದ್ರಾವಣಕ್ಕೆ ಕತ್ತಿಯ ಅಲಗು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಈ ಮದ್ದು ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ, 1880ರ ದಶಕದಲ್ಲಿ. ಆಮೇಲೆ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅದನ್ನು ಮೈಸೂರು ಸಂಸ್ಥಾನದ ಅಡಿಕೆಗೆ ತಂದರು.

ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತದೆ. ಜಾಸ್ತಿಯಾದರೆ ಎರೆಹುಳುವಿಗೆ ತೊಂದರೆ. ಅದಕ್ಕೇ ಯುರೋಪಿನಲ್ಲಿ ಒಂದು ಹೆಕ್ಟೇರಿಗೆ 7 ವರ್ಷಕ್ಕೆ 28 ಕಿಲೋ ತಾಮ್ರ ಅಂತ ಮಿತಿ ಹಾಕಿದ್ದಾರೆ. ಒಳ್ಳೆಯ ಬೆಳೆಗಾರ ಅದಕ್ಕಿಂತ ಕಡಿಮೆಯಲ್ಲಿ ಮುಗಿಸಲು ನೋಡುತ್ತಾನೆ. ಗೊಂಚಲಿನ ಸುತ್ತ ಎಲೆ ಕಿತ್ತು ಗಾಳಿ ಆಡುವಂತೆ ಮಾಡುತ್ತಾನೆ, ಸಾಲಿನ ನಡುವೆ ದ್ವಿದಳ ಬಿತ್ತಿ ಮಣ್ಣಿಗೆ ಸೇರಿಸುತ್ತಾನೆ.

ನಿಮ್ಮ ಬಾಟಲಿ ಬಂದ ಕಿಯಾಂಟಿ ಕ್ಲಾಸಿಕೋ ಸೀಮೆಯಲ್ಲೇ, ಇಟಲಿಯ ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಪಾನ್ಸಾನೋ ಊರಿನಲ್ಲಿ ಫೊಂಟೋಡಿ ಎಂಬ ತೋಟ ಇದೆ. ಹೆಂಚು, ಮಣ್ಣಿನ ಕುಂಡ ಮಾಡುವ ಮಾನೆಟ್ಟಿ ಕುಟುಂಬ 1968ರಲ್ಲಿ ಅದನ್ನು ಕೊಂಡಿತು. ದ್ರಾಕ್ಷಿ ಪೂರ್ತಿ ಸಾವಯವ. ಅಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಿಯಾನೀನಾ ದನಗಳು. ಮೈಯೆಲ್ಲ ಬಿಳಿ, ಆಳೆತ್ತರ. ಅವುಗಳ ಸಗಣಿ, ಸವರಿದ ಬಳ್ಳಿಯ ಕಡ್ಡಿ ಸೇರಿಸಿ ಗೊಬ್ಬರ ಮಾಡಿ ಅದೇ ಬಳ್ಳಿಗಳ ಬುಡಕ್ಕೆ ಹಾಕುತ್ತಾರೆ. ಇದು ಹೊಸ ಫ್ಯಾಷನ್ ಅಲ್ಲ. 1950ರ ತನಕ ಆ ಗುಡ್ಡಗಳಲ್ಲಿ ಗೇಣಿಯವರು ದ್ರಾಕ್ಷಿ, ಆಲಿವ್, ಗೋಧಿ, ದನ ಎಲ್ಲ ಒಟ್ಟಿಗೆ ಇಟ್ಟುಕೊಂಡು ಬದುಕುತ್ತಿದ್ದರು. ಆಮೇಲೆ ಜನ ಪೇಟೆಗೆ ಹೋದರು, ಕೊಟ್ಟಿಗೆ ಖಾಲಿಯಾಯಿತು, ಚೀಲದ ಗೊಬ್ಬರ ಬಂತು. ಈಗ ದನ ವಾಪಸ್ ಬಂದಿದೆ. ಹಸಿರು ಎಲೆ ಗುರುತಿನ ಹಿಂದೆ ಇಂಥ ಕೆಲಸ ಇದ್ದರೆ ಮಾತ್ರ ಅದಕ್ಕೆ ಬೆಲೆ ಅಂತ ನಾನು ನಂಬಿದ್ದೇನೆ.

ನಿಮ್ಮ ಬಾಟಲಿಯಲ್ಲಿ ನೂರಕ್ಕೆ 80 ಪಾಲಾದರೂ ಸಾಂಜೊವೇಸೆ ದ್ರಾಕ್ಷಿ ಇರುತ್ತದೆ, ಉಳಿದದ್ದು ಬೇರೆ ಕೆಂಪು ದ್ರಾಕ್ಷಿ. ಹುಳಿ, ಸ್ವಲ್ಪ ಒಗರು, ಚೆರ್ರಿ ಹಣ್ಣಿನ ಪರಿಮಳ. ಮನೆಯಲ್ಲಿ ಯಾರಿಗಾದರೂ ಅಸ್ತಮಾ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಸಲ್ಫೈಟ್ ಸೇರಿಸದ್ದೇ ಬೇಕು ಅಂದ್ರೆ ಮುಂದಿನ ಸಲ ಲೇಬಲ್ ಮೇಲೆ ‘ಸೆನ್ಸಾ ಸೊಲ್ಫೀತಿ ಅಜ್ಜುಂತಿ’ ಅಂತ ಇರುವುದನ್ನು ನೋಡಿ ತರಲು ಮಗಳಿಗೆ ಹೇಳಿ. ಅಂಥ ಬಾಟಲಿಯನ್ನು ತಂಪಾದ ಜಾಗದಲ್ಲಿ ಇಡಬೇಕು, ತೆರೆದಮೇಲೆ ಬೇಗ ಮುಗಿಸಬೇಕು.